ತಾನೇ ತಿರುಗುವ ಚಕ್ರ ಮತ್ತು ಭಾಸ್ಕರಾಚಾರ್ಯರ ಕೊನೇ ಮಾತು

ಕೊಟ್ಟೂರು ಗುರುಬಸವೇಶ್ವರನ ತೇರು ಎಳೆದವರಿಗೆ ಗೊತ್ತು, ಕಷ್ಟ ಇರೋದು ಮೊದಲ ಮೊಳದಲ್ಲಿ. ಮಿಣಿಗೆ ನೂರಾರು ಕೈ ಬಿದ್ದಿರುತ್ತವೆ, ಹಿಂದಿನಿಂದ ಗಾಲಿಗೆ ಸನ್ನೆ ಹಾಕಿ ಮೀಟುತ್ತಿರುತ್ತಾರೆ, ಆದರೂ ತೇರು ಕದಲೋದಿಲ್ಲ. ಒಮ್ಮೆ ಕದಲಿತು ಅಂದ್ರೆ ಕತೆಯೇ ಬೇರೆ, ಆಮೇಲೆ ಅದನ್ನು ಹಿಡಿದು ನಿಲ್ಲಿಸೋದೇ ದೊಡ್ಡ ಕೆಲಸ. ಉತ್ತತ್ತಿ, ಬಾಳೆಹಣ್ಣು ತೂರುವ ಜನರ ಕಣ್ಣು ಮೇಲೆ ಕಳಸದ ಕಡೆ ಇದ್ದರೆ, ಗಾಲಿಗೆ ಅಡ್ಡ ಮರ ಕೊಡುವವರ ಕಣ್ಣು ಮಾತ್ರ ನೆಲದ ಮೇಲೇ ಇರುತ್ತದೆ.

ಈ ತೇರನ್ನು ಗ್ರೀಸಿನ ಅರಿಸ್ಟಾಟಲ್ ನೋಡಿದ್ದರೆ, ‘ನೋಡಿ, ಎಳೆಯೋರು ಬಿಟ್ಟರೆ ನಿಂತಿತು, ಚಲನೆಗೆ ಸದಾ ಒಬ್ಬ ತಳ್ಳುವವನು ಬೇಕು’ ಅಂತಿದ್ದ. ಗೆಲಿಲಿಯೊ ನೋಡಿದ್ದರೆ, ‘ನಿಂತಿದ್ದು ಎಳೆಯೋರು ಬಿಟ್ಟಿದ್ದಕ್ಕಲ್ಲ, ಅಚ್ಚು ಗಾಲಿ ನೆಲ ಎಲ್ಲ ಸೇರಿ ಹಿಂದಕ್ಕೆ ಎಳೆದಿದ್ದಕ್ಕೆ’ ಅಂತಿದ್ದ. ಎರಡು ಸಾವಿರ ವರ್ಷ ಲೋಕ ಅರಿಸ್ಟಾಟಲನ ಮಾತು ನಂಬಿತ್ತು. ಗೆಲಿಲಿಯೊನ ಮಾತು 1687ರಲ್ಲಿ ನ್ಯೂಟನ್ನನ ಪುಸ್ತಕದಲ್ಲಿ ನಿಯಮವಾಗಿ ಅಚ್ಚಾಯಿತು: ತಡೆಯುವವರು ಇಲ್ಲದಿದ್ದರೆ, ಚಲಿಸುತ್ತಿರುವುದು ಚಲಿಸುತ್ತಲೇ ಇರುತ್ತದೆ.

ಇಲ್ಲಿಂದಲೇ ಒಂದು ಆಸೆ ಹುಟ್ಟುತ್ತದೆ. ಚಲಿಸೋದು ತಾನಾಗಿ ಚಲಿಸುತ್ತಲೇ ಇರುತ್ತೆ ಅಂದ್ರೆ, ಒಂದು ಚಕ್ರವನ್ನು ಒಮ್ಮೆ ತಿರುಗಿಸಿ ಬಿಟ್ಟು, ಅದರಿಂದ ಬಾವಿಯ ನೀರೆತ್ತಿಸಬಾರದೇಕೆ? ಹಿಟ್ಟು ಬೀಸಿಸಬಾರದೇಕೆ? ಈ ಆಸೆ ನ್ಯೂಟನ್ನನಿಗಿಂತ ಬಹಳ ಹಳೆಯದು. ನಮ್ಮ ನೆಲದಲ್ಲಿ ಅದಕ್ಕೆ ಸಿಕ್ಕ ಅತಿ ದೊಡ್ಡ ಹೆಸರು ಭಾಸ್ಕರಾಚಾರ್ಯರದು.

ಎರಡನೇ ಭಾಸ್ಕರ ಹುಟ್ಟಿದ್ದು 1114ರಲ್ಲಿ. ತನ್ನ ಊರು ಸಹ್ಯಾದ್ರಿಯ ಆಸುಪಾಸಿನ ವಿಜ್ಜಡವಿಡ ಅಂತ ಅವರೇ ಬರೆದುಕೊಂಡಿದ್ದಾರೆ. ಅದು ನಮ್ಮ ವಿಜಯಪುರ ಎಂದು ನಾವು, ಅಲ್ಲ ಖಾನ್‌ದೇಶದ ಚಾಳೀಸ್‌ಗಾಂವ್ ಕಡೆಯದು ಎಂದು ಮಹಾರಾಷ್ಟ್ರದವರು ಇವತ್ತಿಗೂ ವಾದ ಮಾಡ್ತೇವೆ. 36ನೇ ವಯಸ್ಸಿನಲ್ಲಿ, ಅಂದ್ರೆ 1150ರಲ್ಲಿ, ‘ಸಿದ್ಧಾಂತ ಶಿರೋಮಣಿ’ ಬರೆದು ಮುಗಿಸಿದರು. ನಾವೆಲ್ಲ ಹೆಸರು ಕೇಳಿರುವ ‘ಲೀಲಾವತಿ’ ಅದರ ಒಂದು ಭಾಗ. ‘ಗೋಲಾಧ್ಯಾಯ’ ಎಂಬ ಇನ್ನೊಂದು ಭಾಗದಲ್ಲಿ ಯಂತ್ರಗಳ ಬಗ್ಗೆಯೇ ಒಂದು ಅಧ್ಯಾಯ ಇದೆ. ಹೆಚ್ಚಿನವು ಆಕಾಶ ನೋಡುವ, ಹೊತ್ತು ಅಳೆಯುವ ಸಾಧನಗಳು. ಅದರ ಕೊನೆ ಕೊನೆಗೆ ಬರುತ್ತದೆ ‘ಸ್ವಯಂವಹ ಯಂತ್ರ’, ತನ್ನನ್ನು ತಾನೇ ಹೊತ್ತು ತಿರುಗುವ ಚಕ್ರ.

ಹಗುರ ಮರದ ಚಕ್ರ. ಅದಕ್ಕೆ ಸಮ ಅಂತರದಲ್ಲಿ ಟೊಳ್ಳು ಅರಕಾಲುಗಳು, ಎಲ್ಲವೂ ಒಂದೇ ಕಡೆ ಸ್ವಲ್ಪ ಬಾಗಿದವು. ಪ್ರತಿಯೊಂದರಲ್ಲೂ ಅರ್ಧ ಪಾದರಸ ತುಂಬಿ ಬಾಯಿ ಮುಚ್ಚಬೇಕು. ಎರಡು ಕಂಬದ ನಡುವೆ ಅಚ್ಚಿನ ಮೇಲೆ ಕೂರಿಸಿದರೆ ಚಕ್ರ ತಾನೇ ತಿರುಗುತ್ತದೆ ಅನ್ನೋದು ವಿವರಣೆ. ಲೆಕ್ಕಾಚಾರ ಸರಳ. ಒಂದು ಪಕ್ಕದಲ್ಲಿ ಪಾದರಸ ಅಂಚಿಗೆ ಹರಿದು ಹೋಗುತ್ತದೆ, ಇನ್ನೊಂದು ಪಕ್ಕದಲ್ಲಿ ಅಚ್ಚಿನ ಹತ್ತಿರ ಸರಿಯುತ್ತದೆ. ಅಂಚಿನಲ್ಲಿ ಇರೋ ಭಾರಕ್ಕೆ ಸನ್ನೆಯ ಬಲ ಜಾಸ್ತಿ. ಹಾಗಾಗಿ ಒಂದು ಪಕ್ಕ ಸದಾ ಭಾರ, ಚಕ್ರ ಸದಾ ಆ ಕಡೆಗೆ ಬೀಳುತ್ತಾ ಇರಬೇಕು. ಭಾಸ್ಕರರಿಗಿಂತ ಐದು ಶತಮಾನ ಮುಂಚೆ, 628ರ ‘ಬ್ರಹ್ಮಸ್ಫುಟ ಸಿದ್ಧಾಂತ’ದಲ್ಲೇ ಬ್ರಹ್ಮಗುಪ್ತ ಪಾದರಸದ ಚಕ್ರದ ಮಾತಾಡಿದ್ದರು. ಭಾಸ್ಕರರ ನಂತರ, 13ನೇ ಶತಮಾನದಲ್ಲಿ ಫ್ರಾನ್ಸಿನ ವಿಲಾರ್ ದ ಹೊನ್ನೆಕೂರ್ ಸುತ್ತಿಗೆಗಳನ್ನು ನೇತುಹಾಕಿದ ಇಂಥದೇ ಚಕ್ರದ ಚಿತ್ರ ಬರೆದ. ಈ ಕಲ್ಪನೆ ಭಾರತದಿಂದ ಅರಬರ ಮೂಲಕ ಯುರೋಪಿಗೆ ಹೋಯಿತು ಎಂದು ವಾದಿಸುವ ಇತಿಹಾಸಕಾರರಿದ್ದಾರೆ.

ಈಗ ವಾಟ್ಸ್‌ಆ್ಯಪಿನ ವಿಷಯಕ್ಕೆ ಬರೋಣ. ‘ಪಾಶ್ಚಾತ್ಯರು ಮುಚ್ಚಿಟ್ಟ ಭಾಸ್ಕರಾಚಾರ್ಯರ ಉಚಿತ ವಿದ್ಯುತ್ ಚಕ್ರ’ ಅಂತ ಒಂದು ಫಾರ್ವರ್ಡು ನಿಮಗೂ ಬಂದಿರಬಹುದು. ಹೆಮ್ಮೆಯಿಂದ ಓದಿ ಮುಂದಕ್ಕೆ ದೂಡುವ ಸರಕಾಗಿ ಅದು ಉಳಿದಿದ್ದರೆ ನಾನು ಈ ಲೇಖನ ಬರೀತಿರಲಿಲ್ಲ. ಎರಡು ಬೇಸಿಗೆ ಹಿಂದೆ ನಮ್ಮ ದೊಡ್ಡಪ್ಪನ ಮಗ ರಾತ್ರಿ ಹತ್ತಕ್ಕೆ ಫೋನ್ ಮಾಡಿದ. ಹಡಗಲಿ ಹತ್ತಿರ ಅವನದು ಮುಕ್ಕಾಲು ಎಕರೆ ಮಲ್ಲಿಗೆ ತೋಟ, ಐನೂರು ಅಡಿ ಬೋರು.

‘ತಮ್ಮಾ, ನೀನು ಬಿ.ಇ. ಓದೀಯಲ್ಲ, ಒಂದು ಮಾತು ಕೇಳ್ತೀನಿ. ಕರೆಂಟಿಲ್ದ ಮೋಟ್ರು ಓಡ್ತೈತಂತ, ಖರೇನಾ?’

‘ಎಲ್ಲಿ ನೋಡ್ದಿ ಅಣ್ಣಾ?’

‘ಇಬ್ರು ಬಂದಿದ್ರಪ. ಒಂದು ಮೋಟ್ರು, ಒಂದು ದೊಡ್ಡ ಗಾಲಿ, ಒಂದು ಡೈನಮೋ. ಮೋಟ್ರು ಗಾಲಿ ತಿರುಗಸ್ತದ, ಗಾಲಿ ಡೈನಮೋ ತಿರುಗಸ್ತದ, ಡೈನಮೋ ಕರೆಂಟು ತಿರುಗಿ ಮೋಟ್ರಿಗೆ. ಮ್ಯಾಲೆ ಉಳಿದಿದ್ದು ಬೋರಿಗಂತ. ಫೋನ್‌ನ್ಯಾಗ ಓಡೋದು ತೋರಿಸಿದ್ರು. ಒಂದು ಎಂಬತ್ತು ಹೇಳ್ಯಾರ. ನಾಳಿಗೆ ಅರ್ಧ ಅಡ್ವಾನ್ಸ್.’

ಒಂದು ಎಂಬತ್ತು ಅಂದ್ರೆ ಒಂದು ಲಕ್ಷ ಎಂಬತ್ತು ಸಾವಿರ. ಅವನು ದಡ್ಡ ಅಂತ ಯಾರೂ ತಿಳಿಯಬೇಡಿ. ನಮ್ಮ ರಾಜ್ಯದಲ್ಲಿ 10 ಎಚ್‌ಪಿ ತನಕ ಪಂಪ್‌ಸೆಟ್ಟಿಗೆ ಬಿಲ್ಲಿಲ್ಲ. ಕರೆಂಟು ಬಿಟ್ಟಿ, ಆದ್ರೆ ಬಂದಾಗ ಮಾತ್ರ. ತ್ರೀ ಫೇಸ್ ಒಂದು ವಾರ ಹಗಲು, ಒಂದು ವಾರ ರಾತ್ರಿ. ಏಪ್ರಿಲ್ ಬಿಸಿಲಿಗೆ ಎರಡು ದಿನ ನೀರು ತಪ್ಪಿದರೆ ಮೊಗ್ಗು ಸಣ್ಣಗಾಗಿ ಮಾರ್ಕೆಟ್ಟಿನಲ್ಲಿ ದರ ಬೀಳುತ್ತೆ. ರಾತ್ರಿ ಎರಡಕ್ಕೆ ಟಾರ್ಚು ಹಿಡಿದು ಸ್ಟಾರ್ಟರ್ ಒತ್ತಲು ಹೋಗುವವನಿಗೆ, ತಾನೇ ತಿರುಗುವ ಗಾಲಿ ಒಂದು ಆಸೆಯಲ್ಲ, ನಿದ್ದೆ. ಆ ರಾತ್ರಿ ಅವನಿಗೆ ಹೇಳಿದ ಲೆಕ್ಕವನ್ನೇ ಇಲ್ಲೂ ಹೇಳ್ತೇನೆ. ಆದ್ರೆ ಆ ಲೆಕ್ಕ ಎಲ್ಲಿಂದ ಬಂತು ಅನ್ನೋ ಇತಿಹಾಸದ ಜೊತೆಗೆ.

ಮೊದಲು ಭಾಸ್ಕರರ ಚಕ್ರ. ಅಂಚಿಗೆ ಹರಿದ ಪಾದರಸಕ್ಕೆ ಬಲ ಜಾಸ್ತಿ ಅನ್ನೋದು ನಿಜ. ಆದ್ರೆ ಅರಕಾಲುಗಳು ಬಾಗಿರುವುದರಿಂದ, ಅಂಚಿನ ಕಡೆ ಪಾದರಸ ಇರುವ ಪಕ್ಕದಲ್ಲಿ ಅದು ಕಡಿಮೆ, ಅಚ್ಚಿನ ಕಡೆ ಇರುವ ಪಕ್ಕದಲ್ಲಿ ಅದು ಹೆಚ್ಚು. ದೂರದಲ್ಲಿ ಸ್ವಲ್ಪ ಭಾರ, ಹತ್ತಿರದಲ್ಲಿ ಬಹಳ ಭಾರ, ಎರಡೂ ತೂಗಿ ಸಮ. ಇನ್ನೂ ಸುಲಭವಾಗಿ ಬೇಕೆಂದರೆ ಒಂದೇ ಒಂದು ಅರಕಾಲನ್ನು ಹಿಡಿದು ಪೂರ್ತಿ ಒಂದು ಸುತ್ತು ನೋಡಿ. ಅದರ ಪಾದರಸ ಎಷ್ಟು ಎತ್ತರದಿಂದ ಇಳಿಯಿತೋ ಅಷ್ಟೇ ಎತ್ತರಕ್ಕೆ ಮತ್ತೆ ಏರಬೇಕು. ಇಳಿದಾಗ ಗಳಿಸಿದ್ದೆಲ್ಲ ಏರುವಾಗ ಖರ್ಚು. ನಿವ್ವಳ ಲಾಭ ಸೊನ್ನೆ. ಮೇಲಿಂದ ಅಚ್ಚಿನ ತಿಕ್ಕಾಟ ತನ್ನ ಕಮಿಷನ್ ಮುರಿದುಕೊಳ್ಳುತ್ತದೆ. ಚಕ್ರ ನಿಲ್ಲುತ್ತದೆ.

ಈ ‘ಗಳಿಕೆ–ಖರ್ಚು’ ಅಂತ ನಾನು ಸಲೀಸಾಗಿ ಹೇಳಿಬಿಟ್ಟೆ. ಇದನ್ನು ಹೇಳಲು ಲೋಕಕ್ಕೆ ಬಹಳ ಕಾಲ ಹಿಡಿಯಿತು. ಏನನ್ನು ಲೆಕ್ಕ ಹಿಡಿಯಬೇಕು ಅನ್ನೋದೇ ಗೊತ್ತಿರಲಿಲ್ಲ. ಚಲನೆಯ ಅಳತೆ ತೂಕ ಗುಣಿಲೆ ವೇಗ ಅಂತ ಫ್ರಾನ್ಸಿನ ಡೆಕಾರ್ಟ್‌ನ ಶಿಷ್ಯರು. ಅಲ್ಲ, ತೂಕ ಗುಣಿಲೆ ವೇಗದ ವರ್ಗ ಅಂತ 1686ರಲ್ಲಿ ಜರ್ಮನಿಯ ಲೈಬ್‌ನಿಟ್ಸ್. ಹಾಲೆಂಡಿನ ಗ್ರಾವೆಸಾಂಡೆ ಹಿತ್ತಾಳೆ ಗುಂಡುಗಳನ್ನು ಮೆತ್ತನೆ ಜೇಡಿಮಣ್ಣಿನ ಮೇಲೆ ಬೀಳಿಸಿ ನೋಡಿದ. ವೇಗ ಎರಡರಷ್ಟಾದರೆ ಗುಳಿ ನಾಲ್ಕರಷ್ಟು. ಫ್ರಾನ್ಸಿನ ಎಮಿಲಿ ದು ಶಾತ್ಲೆ ಎಂಬ ಹೆಣ್ಣುಮಗಳು ಇದರ ಮಹತ್ವ ಹಿಡಿದು 1740ರ ತನ್ನ ಪುಸ್ತಕದಲ್ಲಿ ಲೈಬ್‌ನಿಟ್ಸನ ಪಕ್ಷ ವಹಿಸಿದಳು. ಬೈಕಿನವರು ಇದನ್ನು ನೆನಪಿಡಬೇಕು. ನಲವತ್ತರಲ್ಲಿ ಹೋಗುವವನಿಗಿಂತ ಎಂಬತ್ತರಲ್ಲಿ ಹೋಗುವವನಿಗೆ ಬ್ರೇಕ್ ಹಾಕಿದ ಮೇಲೆ ಬೇಕಾಗೋದು ಎರಡು ಪಟ್ಟು ರಸ್ತೆಯಲ್ಲ, ನಾಲ್ಕು ಪಟ್ಟು.

ಅಷ್ಟರಲ್ಲಿ ತಾನೇ ತಿರುಗುವ ಚಕ್ರದವರ ಕಾಟಕ್ಕೆ ಪ್ಯಾರಿಸಿನ ವಿಜ್ಞಾನ ಅಕಾಡೆಮಿ ಬೇಸತ್ತು, ಇನ್ನು ಮುಂದೆ ಅಂಥ ಯಂತ್ರಗಳ ಅರ್ಜಿಯನ್ನು ಪರೀಕ್ಷಿಸುವುದೇ ಇಲ್ಲ ಎಂದು 1775ರಲ್ಲಿ ನಿರ್ಣಯ ಮಾಡಿತು. ಆದರೂ ವ್ಯಾಪಾರ ನಿಲ್ಲಲಿಲ್ಲ. ಅಮೆರಿಕದಲ್ಲಿ ಚಾರ್ಲ್ಸ್ ರೆಡ್‌ಹೆಫರ್ ಎಂಬಾತ ತಾನೇ ತಿರುಗುವ ಯಂತ್ರ ಇಟ್ಟು ಟಿಕೆಟ್ ಹಾಕಿ ತೋರಿಸುತ್ತಿದ್ದ. 1813ರಲ್ಲಿ ನ್ಯೂಯಾರ್ಕಿನಲ್ಲಿ ಅದನ್ನು ನೋಡಲು ಹೋದವನು ಹಬೆ ಹಡಗಿನ ರಾಬರ್ಟ್ ಫುಲ್ಟನ್. ಯಂತ್ರದ ಸದ್ದು ಒಮ್ಮೆ ಜೋರು, ಒಮ್ಮೆ ಮೆಲ್ಲಗೆ. ಇದು ಕೈಯಿಂದ ತಿರುವುವ ಹಿಡಿಕೆಯ ಸದ್ದು ಅಂತ ಅವನ ಕಿವಿಗೆ ಗೊತ್ತಾಯಿತು. ಯಂತ್ರದ ಪಕ್ಕದ ಪಟ್ಟಿ ಕಿತ್ತು ನೋಡಿದರೆ ಒಳಗೆ ಸಣ್ಣ ದಾರದ ಬೆಲ್ಟು. ಅದು ಗೋಡೆಯೊಳಗೆ ಹಾದು ಹೋಗಿತ್ತು. ಬೆನ್ನು ಹತ್ತಿ ಹೋದರೆ ಮಾಳಿಗೆಯ ಮೇಲೊಬ್ಬ ಗಡ್ಡದ ಮುದುಕ, ಒಂದು ಕೈಯಲ್ಲಿ ರೊಟ್ಟಿ ಕಚ್ಚುತ್ತಾ ಇನ್ನೊಂದು ಕೈಯಲ್ಲಿ ಹಿಡಿಕೆ ತಿರುವುತ್ತಿದ್ದ.

‘ಎನರ್ಜಿ’ ಎಂಬ ಪದವನ್ನು ಇವತ್ತಿನ ಅರ್ಥದ ಕಡೆಗೆ ತಂದವನು ಇಂಗ್ಲೆಂಡಿನ ಥಾಮಸ್ ಯಂಗ್, 1807ರಲ್ಲಿ. ಆದ್ರೆ ಲೆಕ್ಕದ ಪುಸ್ತಕದಲ್ಲಿ ಒಂದು ತೂತು ಉಳಿದಿತ್ತು. ತಿಕ್ಕಾಟದಲ್ಲಿ ಹೋದದ್ದು ಎಲ್ಲಿ ಹೋಯಿತು? 1840ರ ದಶಕದಲ್ಲಿ ಜರ್ಮನಿಯ ವೈದ್ಯ ಮೇಯರ್, ಇಂಗ್ಲೆಂಡಿನ ಬಿಯರ್ ಕಾರ್ಖಾನೆ ಮನೆತನದ ಜೂಲ್, ಆಮೇಲೆ ಹೆಲ್ಮ್‌ಹೋಲ್ಟ್ಸ್ ಆ ತೂತು ಮುಚ್ಚಿದರು. ಹೋದದ್ದು ಶಾಖವಾಯಿತು, ಒಂದು ಕಾಳೂ ಕಳೆದಿಲ್ಲ. ಭಾರ ಕೆಳಗಿಳಿಯುವಾಗ ನೀರನ್ನು ಕಲಕುವಂತೆ ಜೋಡಿಸಿ, ನೀರು ಎಷ್ಟು ಬಿಸಿಯಾಯಿತು ಅಂತ ಜೂಲ್ ಅಳೆದ. ಇವತ್ತಿನ ಲೆಕ್ಕದಲ್ಲಿ, ನೀರು 427 ಮೀಟರ್ ಎತ್ತರದಿಂದ ಬಿದ್ದರೆ ಒಂದು ಡಿಗ್ರಿ ಬಿಸಿಯಾಗಬೇಕು. ನಮ್ಮ ಜೋಗ 253 ಮೀಟರ್. ಅಷ್ಟು ಆರ್ಭಟ ಮಾಡಿ ಬಿದ್ದ ಶರಾವತಿ, ದಾರಿಯಲ್ಲಿ ಗಾಳಿಗೆ ಏನೂ ಕಳೆದುಕೊಳ್ಳದಿದ್ದರೆ, ಕೆಳಗೆ ಬಿಸಿಯಾಗೋದು ಬರೀ 0.6 ಡಿಗ್ರಿ. ಶಾಖ ಅನ್ನೋದು ಎಷ್ಟು ದೊಡ್ಡ ಗುಂಡಿ ನೋಡಿ. ಅದರಲ್ಲಿ ಬಿದ್ದ ಶಕ್ತಿ ಕಾಣೋದೇ ಇಲ್ಲ, ಅದಕ್ಕೇ ಕಳೆದುಹೋಯಿತು ಅಂತ ಅಷ್ಟು ಕಾಲ ಅಂದುಕೊಂಡಿದ್ದರು.

ಈ ಲೆಕ್ಕವನ್ನು ಪುಸ್ತಕದಿಂದ ನೆಲಕ್ಕಿಳಿಸಿದವರಲ್ಲಿ ನಮ್ಮ ಮೈಸೂರು ಸಂಸ್ಥಾನ ಮುಂಚೂಣಿಯಲ್ಲಿತ್ತು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಯೋಜನೆಯಾಗಿ, 1902ರಲ್ಲಿ ಶಿವನಸಮುದ್ರದ ಕಾವೇರಿಯಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ಆ ಕಾಲಕ್ಕೆ ಲೋಕದಲ್ಲೇ ಬಹಳ ಉದ್ದದ ತಂತಿಗಳಲ್ಲಿ ಅದೂ ಒಂದು. ಬೆಂಗಳೂರಿಗೆ ದೀಪ ಬಂದದ್ದು ಮೂರು ವರ್ಷ ಆಮೇಲೆ, 1905ರಲ್ಲಿ. ಅಲ್ಲಿನ ಜಿಗಿತ ಸುಮಾರು 400 ಅಡಿ. ಒಂದು ಯೂನಿಟ್ ಕರೆಂಟಿಗೆ, ಏನೂ ಸೋರಿಕೆಯಿಲ್ಲ ಅಂದ್ರೂ, ಮೂರು ಸಾವಿರ ಲೀಟರ್ ನೀರು ಅಷ್ಟು ಎತ್ತರದಿಂದ ಬೀಳಲೇಬೇಕು. ಇದನ್ನೇ ತಿರುಗಿಸಿ ಓದಿ: ಮೂರು ಸಾವಿರ ಲೀಟರನ್ನು 400 ಅಡಿ ಮೇಲೆತ್ತಲು ಕನಿಷ್ಠ ಒಂದು ಯೂನಿಟ್ ಬೇಕೇ ಬೇಕು. ತುಂಗಭದ್ರೆಯಿಂದ ನಮ್ಮ ತಾಲ್ಲೂಕಿಗೆ ನೀರೆತ್ತುವ ಸಿಂಗಟಾಲೂರು ಏತ ನೀರಾವರಿಗೂ ಇದೇ ಕಾನೂನು, ಅಣ್ಣನ ಐನೂರು ಅಡಿ ಬೋರಿಗೂ ಇದೇ ಕಾನೂನು. ನೀರು ಐನೂರು ಅಡಿ ಆಳದಲ್ಲಿದ್ದರೆ ಸಾವಿರ ಲೀಟರಿಗೆ 0.4 ಯೂನಿಟ್ ಕನಿಷ್ಠ. ಪಂಪು ಅರ್ಧ ತಿಂದರೆ 0.8.

ಆ ರಾತ್ರಿಯ ಯಂತ್ರದ ಲೆಕ್ಕವೂ ಇಷ್ಟೇ. ಮೋಟರಿಗೆ ನೂರು ಕೊಟ್ಟರೆ ಎಂಬತ್ತೈದು ಹೊರಗೆ ಬರುತ್ತೆ, ಉಳಿದಿದ್ದು ಬಿಸಿ. ಆ ಎಂಬತ್ತೈದರಲ್ಲಿ ಡೈನಮೋ ಮತ್ತೆ ನೂರಕ್ಕೆ ಹದಿನೈದು ಮುರಿಯುತ್ತೆ. ಒಂದು ಸುತ್ತಿಗೆ ನೂರು ಎಪ್ಪತ್ತೆರಡಾಯಿತು. ಎರಡನೇ ಸುತ್ತಿಗೆ ಐವತ್ತೆರಡು, ಮೂರಕ್ಕೆ ಮೂವತ್ತೇಳು. ಬೋರಿಗೆ ಕೊಡೋದು ಹಾಗಿರಲಿ, ತನ್ನ ಹೊಟ್ಟೆಗೇ ಸಾಲದು. ‘ಮತ್ತ ಅಷ್ಟು ದೊಡ್ಡ ಗಾಲಿ ಐತಲ್ಲೋ?’ ಅಂದ ಅಣ್ಣ. ಎರಡು ಕ್ವಿಂಟಲಿನ, ಒಂದು ಮೀಟರ್ ಅಡ್ಡಳತೆಯ ಗಾಲಿ ನಿಮಿಷಕ್ಕೆ 600 ಸುತ್ತು ತಿರುಗುತ್ತಿದ್ದರೆ ಅದರಲ್ಲಿ ಕೂಡಿಟ್ಟಿರೋದು ಸುಮಾರು 49 ಸಾವಿರ ಜೂಲ್. 5 ಎಚ್‌ಪಿ ಮೋಟರಿಗೆ ಅದು 13 ಸೆಕೆಂಡಿನ ಊಟ. ಗಾಲಿ ಅನ್ನೋದು ಕಣಜ ಅಷ್ಟೇ, ಹೊಲ ಅಲ್ಲ. ಹಾಕಿದ್ದನ್ನು ತೆಗೀಬಹುದು, ಬೆಳೆಯೋಕೆ ಬರಲ್ಲ. ‘ಹಂಗಾರ ವಿಡಿಯೋನ್ಯಾಗ ಹ್ಯಾಂಗ ಓಡ್ತಿತ್ತು?’ ಅಂದ. ಮಾಳಿಗೆಯ ಮುದುಕನ ಕತೆ ಹೇಳಿದೆ. ನಕ್ಕ. ಅಡ್ವಾನ್ಸ್ ಕೊಡಲಿಲ್ಲ. ಅವನ ಪಕ್ಕದ ಹೊಲದವರು ಕೊಟ್ಟಿದ್ದರು. ಆ ಇಬ್ಬರ ಫೋನು ಈಗ ಹತ್ತೋದಿಲ್ಲ.

ಇಲ್ಲಿಗೆ ಕತೆ ಮುಗೀಬೇಕಿತ್ತು. ಆದ್ರೆ ಇತ್ತೀಚಿನ ಫಾರ್ವರ್ಡುಗಳು ಹುಷಾರಾಗಿವೆ. ‘ಇದು ಹಳೇ ಭೌತಶಾಸ್ತ್ರದ ಮಾತು, ಕ್ವಾಂಟಂನಲ್ಲಿ ಹಾಗಿಲ್ಲ. ಪರಮಾಣು ಎಂದೂ ನಿಲ್ಲೋದಿಲ್ಲ, ಆ ಶಕ್ತಿಯನ್ನೇ ನಾವು ತೆಗೆದುಕೊಡ್ತೇವೆ’ ಅಂತ ಶುರು ಮಾಡಿದ್ದಾರೆ. ಇದರಲ್ಲಿ ಮೊದಲರ್ಧ ನಿಜ. ಆದ್ದರಿಂದಲೇ ಇದು ಹೆಚ್ಚು ಅಪಾಯ.

ಪರಮಾಣುವಿನ ನಡುವೆ ನ್ಯೂಕ್ಲಿಯಸ್, ಸುತ್ತ ಎಲೆಕ್ಟ್ರಾನ್. ಹಳೇ ಲೆಕ್ಕದ ಪ್ರಕಾರ ಸುತ್ತುವ ಎಲೆಕ್ಟ್ರಾನ್ ಬೆಳಕು ಸೂಸುತ್ತಾ ಶಕ್ತಿ ಕಳೆದುಕೊಂಡು ಕಣ್ಣು ಮುಚ್ಚಿ ತೆರೆಯೋದರೊಳಗೆ ನ್ಯೂಕ್ಲಿಯಸ್ಸಿಗೆ ಬಿದ್ದುಬಿಡಬೇಕು. ಬೀಳೋದಿಲ್ಲ. ಬಿದ್ದಿದ್ದರೆ ನೀವಿಲ್ಲ, ಈ ಪುಸ್ತಕವಿಲ್ಲ. ಬೆಳಕು ಮತ್ತು ವಸ್ತು ಶಕ್ತಿಯನ್ನು ಕೊಟ್ಟು ತಗೊಳ್ಳೋದು ಸಣ್ಣ ಸಣ್ಣ ಕಟ್ಟುಗಳಲ್ಲಿ ಅಂತ 1900ರಲ್ಲಿ ಮ್ಯಾಕ್ಸ್ ಪ್ಲಾಂಕ್ ಶುರುಮಾಡಿದ್ದ. 1913ರಲ್ಲಿ ನೀಲ್ಸ್ ಬೋರ್, ಎಲೆಕ್ಟ್ರಾನಿಗೆ ಮೆಟ್ಟಿಲುಗಳಿವೆ, ಕೊನೇ ಮೆಟ್ಟಿಲಿನ ಕೆಳಗೆ ಮೆಟ್ಟಿಲಿಲ್ಲ ಅಂದ. ಯಾಕಿಲ್ಲ ಅನ್ನೋದಕ್ಕೆ ಉತ್ತರ 1925ರಿಂದ 1927ರ ನಡುವೆ ಬಂತು. ಆ ಕೆಲಸದ ಒಂದು ದೊಡ್ಡ ಕೇಂದ್ರ ಜರ್ಮನಿಯ ಗಟ್ಟಿಂಗನ್, ಅಲ್ಲಿನ ಯಜಮಾನ ಮ್ಯಾಕ್ಸ್ ಬಾರ್ನ್. ‘ಕ್ವಾಂಟಂ ಮೆಕ್ಯಾನಿಕ್ಸ್’ ಎಂಬ ಹೆಸರು ಇಟ್ಟವರೇ ಅವರು. ಅವರ ಸಹಾಯಕ ಹೈಸನ್‌ಬರ್ಗ್ ಕಂಡುಹಿಡಿದ ವಿಚಿತ್ರ ಗುಣಾಕಾರ ಗಣಿತದ ಮ್ಯಾಟ್ರಿಕ್ಸು ಎಂದು ಗುರುತಿಸಿ, ಸ್ಥಾನ ಮತ್ತು ಸಂವೇಗ ಎರಡನ್ನೂ ಕಟ್ಟಿಹಾಕುವ ಸೂತ್ರವನ್ನು ಬರೆದವರೂ ಅವರೇ. ಗಟ್ಟಿಂಗನ್ನಿನ ಸ್ಮಶಾನದಲ್ಲಿ ಅವರ ಸಮಾಧಿ ಕಲ್ಲಿನ ಮೇಲೆ ಆ ಸೂತ್ರ ಕೆತ್ತಿದ್ದಾರೆ.

ಸೂತ್ರದ ತಾತ್ಪರ್ಯ ನಮ್ಮ ಕಡೆಯ ಮಾತಲ್ಲಿ ಹೀಗೆ. ಹೋರಿಯನ್ನು ಉದ್ದ ಹಗ್ಗದಲ್ಲಿ ಕಟ್ಟಿದರೆ ಸುಮ್ಮನೆ ಮೇಯುತ್ತದೆ. ಹಗ್ಗ ಗಿಡ್ಡ ಮಾಡಿದಷ್ಟೂ ಗೂಟದ ಸುತ್ತ ಕುಣಿಯುತ್ತದೆ. ಎಲೆಕ್ಟ್ರಾನನ್ನು ಸಣ್ಣ ಜಾಗದಲ್ಲಿ ಒತ್ತಿ ಹಿಡಿದಷ್ಟೂ ಅದರ ಕುಣಿತ, ಅಂದ್ರೆ ಚಲನೆಯ ಶಕ್ತಿ, ಹೆಚ್ಚುತ್ತದೆ. ನ್ಯೂಕ್ಲಿಯಸ್ಸಿನ ಸೆಳೆತ ಹತ್ತಿರ ಕರೆಯುತ್ತದೆ, ಕುಣಿತ ದೂರ ತಳ್ಳುತ್ತದೆ. ಎರಡರ ಒಟ್ಟು ಎಲ್ಲಿ ಅತಿ ಕಡಿಮೆಯೋ ಅಲ್ಲೇ ಕೊನೇ ಮೆಟ್ಟಿಲು. ಹೋರಿಗೆ ಸುಸ್ತಾಗುತ್ತದೆ, ಎಲೆಕ್ಟ್ರಾನಿಗೆ ಆಗೋದಿಲ್ಲ, ಅಷ್ಟೇ ವ್ಯತ್ಯಾಸ. ಹೀಲಿಯಂ ಅನಿಲವನ್ನು ದ್ರವ ಮಾಡಿ ಎಷ್ಟು ತಣ್ಣಗೆ ಮಾಡಿದರೂ, ನಮ್ಮ ಸುತ್ತಲಿನ ವಾಯುಭಾರದಲ್ಲಿ ಅದು ಗಡ್ಡೆ ಕಟ್ಟೋದಿಲ್ಲ. ಗಡ್ಡೆ ಕಟ್ಟಿಸಲು ಸುಮಾರು 25 ಪಟ್ಟು ಒತ್ತಡ ಹಾಕಬೇಕು. ಅದರ ಪರಮಾಣುಗಳ ಆ ಕೊನೇ ಮೆಟ್ಟಿಲಿನ ಕುಣಿತವೇ ಕಾರಣ.

ಹಾಗಾದ್ರೆ ಎಂದೂ ನಿಲ್ಲದ ಚಲನೆ ಸಿಕ್ಕಿಬಿಟ್ಟಿತಲ್ಲ! ಭಾಸ್ಕರರ ಚಕ್ರ ಪರಮಾಣುವಿನಲ್ಲಿದೆ ಅಂದಹಾಗಾಯಿತು. ಅದಕ್ಕೊಂದು ಬೆಲ್ಟು ಕಟ್ಟಿ ನೀರೆತ್ತಬಾರದೇಕೆ?

ಉತ್ತರ ಬೆಂಗಳೂರಿನಲ್ಲಿ ನೆಲೆ ನಿಂತ ಒಬ್ಬರ ಪ್ರಯೋಗದಲ್ಲಿದೆ. 1928ರ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ ಸಿ.ವಿ. ರಾಮನ್, ಕೆ.ಎಸ್. ಕೃಷ್ಣನ್ ಜೊತೆ ಸೇರಿ ಕಂಡದ್ದು ಇದು. ಒಂದೇ ಬಣ್ಣದ ಬೆಳಕನ್ನು ದ್ರವಕ್ಕೆ ಹಾಯಿಸಿದರೆ, ಚದುರಿ ಹೊರಬಂದ ಬೆಳಕಿನಲ್ಲಿ ಬಹಳ ಅಪರೂಪಕ್ಕೆ ಬಣ್ಣ ಬದಲಾಗಿರುತ್ತದೆ. ಬೆಳಕಿನ ಕಟ್ಟು ಅಣುವಿಗೆ ಸ್ವಲ್ಪ ಶಕ್ತಿ ಕೊಟ್ಟು ಅದನ್ನು ಅಲುಗಿಸಿದರೆ, ತಾನು ಬಡವಾಗಿ ಕೆಂಪಿನ ಕಡೆ ಸರಿದು ಹೊರಬರುತ್ತದೆ. ಅಣು ಮೊದಲೇ ಮೇಲಿನ ಮೆಟ್ಟಿಲಲ್ಲಿ ಅಲುಗುತ್ತಿದ್ದರೆ, ಅದರಿಂದ ಶಕ್ತಿ ಕಿತ್ತುಕೊಂಡು ನೀಲಿಯ ಕಡೆ ಸರಿದು ಹೊರಬರುತ್ತದೆ. ಕೊಟ್ಟಿದ್ದು, ತಗೊಂಡಿದ್ದು, ಎರಡೂ ಗೆರೆಗಳಾಗಿ ಫೋಟೋದಲ್ಲಿ ಕಾಣುತ್ತವೆ. ಈಗ ವಸ್ತುವನ್ನು ತಣ್ಣಗೆ ಮಾಡುತ್ತಾ ಹೋಗಿ. ತಗೊಂಡ ಗೆರೆ ಮಸುಕಾಗುತ್ತಾ ಮಸುಕಾಗುತ್ತಾ ಇಲ್ಲವಾಗುತ್ತದೆ. ಕೊಟ್ಟ ಗೆರೆ ಉಳಿಯುತ್ತದೆ. ಕೊನೇ ಮೆಟ್ಟಿಲಿನಲ್ಲಿರುವ ಅಣು ಇನ್ನೂ ಅಲುಗುತ್ತಲೇ ಇದೆ, ಆದ್ರೆ ಅದರಿಂದ ಕೀಳಲು ಏನೂ ಇಲ್ಲ. ಕೊಡಬೇಕೆಂದರೆ ಅದು ಇನ್ನೂ ಕೆಳಗಿಳಿಯಬೇಕು, ಕೆಳಗೆ ಮೆಟ್ಟಿಲಿಲ್ಲ. ಚಲನೆ ಇದೆ ಅಂದಾಕ್ಷಣ ದುಡಿಸಬಹುದು ಅಂತಲ್ಲ. ದುಡಿಯಲು ಇಳಿಜಾರು ಬೇಕು. ಸಮುದ್ರದಲ್ಲಿ ಎಷ್ಟು ನೀರಿದ್ದರೇನು, ಅದಕ್ಕಿಂತ ತಗ್ಗು ಇಲ್ಲದಿದ್ದರೆ ಟರ್ಬೈನು ತಿರುಗೋದಿಲ್ಲ.

ರಾಮನ್ 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದರು. ಅದೇ ವರ್ಷ ಹಿಟ್ಲರ್ ಸರ್ಕಾರ ಯಹೂದಿ ಎಂಬ ಕಾರಣಕ್ಕೆ ಮ್ಯಾಕ್ಸ್ ಬಾರ್ನ್‌ರನ್ನು ಗಟ್ಟಿಂಗನ್ನಿನಿಂದ ಹೊರಹಾಕಿತು. ಕೇಂಬ್ರಿಡ್ಜಿನಲ್ಲಿ ತಾತ್ಕಾಲಿಕ ಕೆಲಸದಲ್ಲಿದ್ದ ಬಾರ್ನ್‌ರನ್ನು ರಾಮನ್ ಕರೆಸಿಕೊಂಡರು. 1935ರ ಕೊನೆಯಲ್ಲಿ ಹೆಂಡತಿ ಹೆಡಿಯೊಂದಿಗೆ ಬಂದ ಬಾರ್ನ್ ಸುಮಾರು ಆರು ತಿಂಗಳು ಬೆಂಗಳೂರಿನಲ್ಲಿ ಪಾಠ ಮಾಡಿದರು. ಕ್ವಾಂಟಂ ಕಟ್ಟಿದ ಕೈ ಮಲ್ಲೇಶ್ವರದ ಆಚೆಗಿನ ಆ ಕಲ್ಲು ಕಟ್ಟಡದಲ್ಲಿ ಬೋರ್ಡಿನ ಮೇಲೆ ಬರೆಯುತ್ತಿತ್ತು. ಅವರನ್ನು ಖಾಯಂ ಪ್ರಾಧ್ಯಾಪಕರನ್ನಾಗಿ ಮಾಡಿಕೊಳ್ಳಬೇಕು ಅಂತ ರಾಮನ್ ಸಭೆಯಲ್ಲಿ ಪ್ರಸ್ತಾಪ ಇಟ್ಟರು. ಆಗ ಒಬ್ಬ ಇಂಗ್ಲಿಷ್ ಪ್ರಾಧ್ಯಾಪಕ ಎದ್ದು, ಸ್ವಂತ ದೇಶದಿಂದ ಹೊರಬಿದ್ದ ಎರಡನೇ ದರ್ಜೆಯವರು ನಮಗೆ ಸಾಲದು ಎಂಬ ಅರ್ಥದಲ್ಲಿ ಮಾತಾಡಿದ. ಬಾರ್ನ್ ಅಲ್ಲೇ ಕೂತಿದ್ದರು. ಮನೆಗೆ ಬಂದು ಹೆಂಡತಿಯ ಮುಂದೆ ಅತ್ತುಬಿಟ್ಟೆ ಎಂದು ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಹುದ್ದೆ ಆಗಲಿಲ್ಲ. 1936ರಲ್ಲಿ ಅವರು ಎಡಿನ್‌ಬರೊಗೆ ಹೋದರು. ರಾಮನ್ ಕೂಡ 1937ರಲ್ಲಿ ನಿರ್ದೇಶಕ ಸ್ಥಾನ ಬಿಡಬೇಕಾಯಿತು. ಆ ‘ಎರಡನೇ ದರ್ಜೆ’ಯವರಿಗೆ 1954ರಲ್ಲಿ ನೊಬೆಲ್ ಬಂತು.

ಕತೆಗೆ ಇನ್ನೊಂದು ತಿರುವಿದೆ. ಹರಳಿನೊಳಗೆ ಪರಮಾಣುಗಳು ಹೇಗೆ ಅಲುಗುತ್ತವೆ ಎಂಬ ಬಗ್ಗೆ ಮುಂದೆ ಇದೇ ರಾಮನ್ ಮತ್ತು ಬಾರ್ನ್ ನಡುವೆ ದೊಡ್ಡ ಜಗಳವಾಯಿತು. ವಜ್ರದ ಬೆಳಕು ನೋಡಿ ರಾಮನ್, ಕೆಲವೇ ಗೊತ್ತಾದ ಕಂಪನಗಳು ಅಂದರು. ಬಾರ್ನ್, ಎಲ್ಲ ಪರಮಾಣುಗಳೂ ಕೂಡಿ ಅಲುಗುವ ಅಸಂಖ್ಯ ಕಂಪನಗಳು ಅಂದರು. 1950ರ ದಶಕದ ನ್ಯೂಟ್ರಾನ್ ಪ್ರಯೋಗಗಳು ಬಾರ್ನ್ ಪರವಾಗಿ ನಿಂತವು. ನನಗೆ ರಾಮನ್ ಮೇಲಿನ ಗೌರವ ಇದರಿಂದ ಕಡಿಮೆಯಾಗಿಲ್ಲ. ವಿಜ್ಞಾನದಲ್ಲಿ ದೊಡ್ಡವರ ಮಾತೂ ಅಳತೆಗೆ ಬರಬೇಕು, ನೊಬೆಲ್ ಪದಕಕ್ಕೂ ರಿಯಾಯಿತಿ ಇಲ್ಲ.

ಇನ್ನೊಂದು ಪ್ರಶ್ನೆ ಉಳಿಯಿತು. ಶಿವನಸಮುದ್ರದ ನೀರು ಬೀಳುತ್ತೆ ಸರಿ, ಮೇಲೆ ಏರಿಸಿದ್ದು ಯಾರು? ಸೂರ್ಯ. ಅವನೇ ಸಮುದ್ರದ ನೀರನ್ನು ಮೋಡ ಮಾಡಿ ಕೊಡಗಿನ ಮೇಲೆ ಸುರಿಯುವವನು. ಸೋಗಿ, ಹರಪನಹಳ್ಳಿ ಕಡೆ ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ತಿರುಗಿಸುವವನೂ ಅವನೇ. ಸೂರ್ಯನ ಒಳಗೆ ಸುಮಾರು ಒಂದೂವರೆ ಕೋಟಿ ಡಿಗ್ರಿ. ಹಳೇ ಭೌತಶಾಸ್ತ್ರದ ಪ್ರಕಾರ ಪ್ರೋಟಾನುಗಳು ಒಂದಕ್ಕೊಂದು ಬೆಸೆಯಲು ಅದೂ ಸಾಲದು. ಕ್ವಾಂಟಂ ಕಣಗಳು ದಾಟಲಾಗದ ಗೋಡೆಯನ್ನೂ ಒಮ್ಮೊಮ್ಮೆ ತೂರಿ ಹೋಗುತ್ತವೆ ಅಂತ 1928ರಲ್ಲಿ ಜಾರ್ಜ್ ಗ್ಯಾಮೊ ಗಟ್ಟಿಂಗನ್ನಿನಲ್ಲಿ ಕೂತು ಲೆಕ್ಕ ಹಾಕಿದ. ಮರುವರ್ಷವೇ ಬೇರೆ ಇಬ್ಬರು ಅದನ್ನು ನಕ್ಷತ್ರಗಳಿಗೆ ಅನ್ವಯಿಸಿದರು. ಕ್ವಾಂಟಂ ನಮಗೆ ಶಕ್ತಿ ಕೊಡೋದು ಹೌದು, ಆದ್ರೆ ಅದೂ ಬಿಟ್ಟಿಯಲ್ಲ. ಸೂರ್ಯ ಪ್ರತಿ ಸೆಕೆಂಡಿಗೆ 40 ಲಕ್ಷ ಟನ್ನಿಗೂ ಹೆಚ್ಚು ತನ್ನ ಮೈಯನ್ನೇ ಕರಗಿಸಿ ಬಿಲ್ಲು ಕಟ್ಟುತ್ತಿದ್ದಾನೆ.

ನನ್ನ ಕಸುಬಿನಲ್ಲಿ ಕೊನೆಯಿಲ್ಲದೆ ತಿರುಗುವ ಲೂಪ್ ಬರೆಯೋದು ಎರಡು ಸಾಲಿನ ಕೆಲಸ. ಪರದೆಯ ಮೇಲೆ ಅದು ತಾನೇ ಓಡುತ್ತಿದ್ದಂತೆ ಕಾಣುತ್ತದೆ, ತಿಂಗಳ ಕೊನೆಗೆ ಸರ್ವರ್ ಬಿಲ್ ಬರೋ ತನಕ. ಒಂದು ಬಿಟ್ ಮಾಹಿತಿ ಅಳಿಸಲೂ ಇಷ್ಟು ಶಾಖ ಚೆಲ್ಲಲೇಬೇಕು ಅಂತ 1961ರಲ್ಲಿ ಐಬಿಎಂನ ರಾಲ್ಫ್ ಲ್ಯಾಂಡೌರ್ ತೋರಿಸಿದ್ದಾರೆ. ಎಲ್ಲ ಸ್ವಯಂವಹಗಳ ಹಿಂದೆಯೂ ಎಲ್ಲೋ ಒಂದು ಮಾಳಿಗೆ, ಅಲ್ಲೊಬ್ಬ ಮುದುಕ.

ಕೊನೆಗೆ ಮತ್ತೆ ಭಾಸ್ಕರಾಚಾರ್ಯರು. 1861ರಲ್ಲಿ ಕಲ್ಕತ್ತೆಯಲ್ಲಿ ‘ಗೋಲಾಧ್ಯಾಯ’ದ ಇಂಗ್ಲಿಷ್ ಅನುವಾದ ಅಚ್ಚಾಯಿತು. ವಿಲ್ಕಿನ್‌ಸನ್ ಮಾಡಿದ್ದು, ಕಾಶಿಯ ಬಾಪೂದೇವ ಶಾಸ್ತ್ರಿಗಳು ತಿದ್ದಿದ್ದು. ಸ್ವಯಂವಹ ಯಂತ್ರಗಳ ವಿವರಣೆ ಮುಗಿದ ಮೇಲೆ ಆಚಾರ್ಯರು ಏನು ಹೇಳ್ತಾರೆ ಅಂತ ಅಲ್ಲಿ ಓದಿ ನಾನು ಬೆರಗಾದೆ. ತಾವಾಗಿಯೇ ತಿರುಗುವ ಯಂತ್ರಗಳು ಬಹಳ ಸಿಗುತ್ತವೆ, ಆದ್ರೆ ಅವು ತಿರುಗೋದು ಕೈಚಳಕದಿಂದ, ನಮ್ಮ ವಿಷಯಕ್ಕೂ ಅವಕ್ಕೂ ಸಂಬಂಧವಿಲ್ಲ, ಹಿಂದಿನವರು ಹೇಳಿದ್ದಾರೆಂದು ನಾನೂ ಇಲ್ಲಿ ಹೇಳಿದ್ದೇನೆ ಅಷ್ಟೆ. ಇದು ಅವರ ಮಾತಿನ ಸಾರ. ಶಕ್ತಿ ಅನ್ನೋ ಪದಕ್ಕೆ ಈಗಿನ ಅರ್ಥವೇ ಇಲ್ಲದ ಕಾಲದಲ್ಲಿ, ಶಕ್ತಿಯ ನಿಯಮಕ್ಕೆ ಏಳು ಶತಮಾನ ಮುಂಚೆ, ಅವರಿಗೆ ಅನುಮಾನ ಬಂದಿತ್ತು. ರೆಡ್‌ಹೆಫರನಿಗೂ, ನಮ್ಮ ಊರಿಗೆ ಬಂದ ಆ ಇಬ್ಬರಿಗೂ 1150ರಲ್ಲೇ ಉತ್ತರ ಬರೆದಿಟ್ಟಿದ್ದರು.

ಫಾರ್ವರ್ಡು ಮಾಡುವವರು ಚಕ್ರದ ಶ್ಲೋಕ ಇಟ್ಟುಕೊಂಡು ಈ ಶ್ಲೋಕ ಕತ್ತರಿಸಿದ್ದಾರೆ. ಆಚಾರ್ಯರಿಗೆ ಇದಕ್ಕಿಂತ ದೊಡ್ಡ ಅವಮಾನ ಇನ್ನೇನಿದೆ? ನಿಮ್ಮ ಊರಿನ ಗ್ರೂಪಿಗೆ ಮುಂದಿನ ಸಲ ಆ ಚಕ್ರ ಬಂದಾಗ, ಕೆಳಗೆ ಈ ಕೊನೇ ಮಾತನ್ನೂ ಸೇರಿಸಿ ಕಳಿಸಿ. ಯಾರಾದರೂ ಯಂತ್ರ ಹೊತ್ತು ಮನೆ ಬಾಗಿಲಿಗೆ ಬಂದರೆ ಮೂರೇ ಪ್ರಶ್ನೆ ಕೇಳಿ. ಯಾವುದು ಎಲ್ಲಿಂದ ಎಲ್ಲಿಗೆ ಇಳಿಯುತ್ತಿದೆ? ಇಳಿದದ್ದನ್ನು ಮತ್ತೆ ಏರಿಸುವವರು ಯಾರು? ಇದನ್ನು ನಮ್ಮ ಹೊಲದಲ್ಲಿ, ನಮ್ಮ ಕಣ್ಣೆದುರು, ಒಂದು ವಾರ ಓಡಿಸಿ ತೋರಿಸಿ ಆಮೇಲೆ ದುಡ್ಡು ತಗೊಳ್ತೀರಾ?

ಮೂರನೇ ಪ್ರಶ್ನೆಗೇ ಅವರ ಗಾಡಿ ಸ್ಟಾರ್ಟ್ ಆಗುತ್ತೆ. ಅದು ಮಾತ್ರ ಪೆಟ್ರೋಲಿನಿಂದ.